ಕ್ವಾರ್ಟರ್ ಟೆಟ್ರಾ ಪ್ಯಾಕಿನ ಮೇಲಿರೋ ಎಚ್ಚರಿಕೆ ಸಾಲು: 5ಕ್ಕೆ 1 ಸ್ಟಾರ್

ಒಳಗಿರೋ ವಿಸ್ಕಿ ಹೆಂಗಿದೆ ಅಂತ ಹೇಳೋಕೆ ಬೇಕಾದಷ್ಟು ಜನ ಇದಾರೆ, ನಾನು ರಿವ್ಯೂ ಮಾಡ್ತಿರೋದು ಪ್ಯಾಕಿನ ಮೇಲೆ ಪ್ರಿಂಟ್ ಆಗಿರೋ ಎಚ್ಚರಿಕೆನ ಮಾತ್ರ. ತಗೊಂಡಿದ್ದು 180 ಎಂಎಲ್ ಟೆಟ್ರಾ, ನಮ್ಮ ಏರಿಯಾ ಎಂಆರ್‌ಪಿ ಅಂಗಡಿಲಿ ಜಾಸ್ತಿ ಖರ್ಚಾಗೋ ಮಾಲು. ಬ್ರ್ಯಾಂಡ್ ಹೆಸ್ರು ಬೇಡ, ಯಾವ್ದು ತಗೊಂಡ್ರೂ ಸಾಲು ಅದೇ.

ಮುಂದೆ ಚಿನ್ನದ ಬಣ್ಣದಲ್ಲಿ ಇಷ್ಟು ದೊಡ್ಡ ಹೆಸ್ರು. ಎಚ್ಚರಿಕೆ ಎಲ್ಲಿದೆ ಅಂತ ತಿರುಗಿಸಿ ತಿರುಗಿಸಿ ಹುಡುಕ್ಬೇಕು, ಬ್ಯಾಚ್ ನಂಬರು, ರೇಟು, ಲೈಸೆನ್ಸ್ ನಂಬರು ಇವೆಲ್ಲದರ ಮಧ್ಯೆ ಸಾಸಿವೆ ಕಾಳಿನ ಸೈಜಲ್ಲಿ ಕೂತಿದೆ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸ್ಬೇಡಿ. ಅಷ್ಟೇ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ರೂಲ್ಸ್ ಮಾಡಿ 2019ರ ಏಪ್ರಿಲ್‌ನಿಂದ ಜಾರಿಗೆ ತಂದಿದ್ದು ಇದನ್ನೇ. ಪಕ್ಕದಲ್ಲಿ ನೈಂಟಿ ಹಾಕ್ತಾ ನಿಂತಿದ್ದ ಗಾರೆ ಕೆಲ್ಸದ ಅಣ್ಣಂಗೆ ಓದಿ ಹೇಳ್ದೆ. "ನಮ್ಮತ್ರ ಗಾಡಿನೇ ಇಲ್ವಲ್ಲ ಸಾರ್" ಅಂದು ನಕ್ಕ.

ಹೇಳ್ಬೇಕಾಗಿದ್ದ ಮಾತು ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯನ ಮೊದಲನೇ ಗುಂಪಿಗೆ, ಅಂದ್ರೆ ಕ್ಯಾನ್ಸರ್ ತರುತ್ತೆ ಅಂತ ಖಾತ್ರಿಯಾಗಿರೋ ಪಟ್ಟಿಗೆ, ಸೇರಿಸಿದ್ದು 1988ರಲ್ಲಿ, ತಂಬಾಕು ಇರೋದೂ ಅದೇ ಗುಂಪಲ್ಲಿ. ಎಣ್ಣೆ ಒಳಗೆ ಹೋದ್ಮೇಲೆ ಅಸಿಟಾಲ್ಡಿಹೈಡ್ ಅಂತ ಆಗುತ್ತೆ, ಅದು ಜೀವಕೋಶದ ಡಿಎನ್‌ಎನ ಹಾಳು ಮಾಡುತ್ತೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಿಗೆ ಸ್ತನ. ರೇಟಿಗೂ ಇದಕ್ಕೂ ಸಂಬಂಧ ಇಲ್ಲ, ಫಾರಿನ್ ಬಾಟ್ಲಿಲಿ ಇರೋದೂ ಅದೇ ಎಥನಾಲ್, ಅಂದ್ರೆ ಅದೇ ಆಲ್ಕೋಹಾಲ್. ಜೊತೆಗೆ ಬೀಡಿನೋ ಗುಟ್ಕಾನೋ ಇದ್ರೆ ಬಾಯಿ ಕ್ಯಾನ್ಸರ್ ಅಪಾಯ ಬರೀ ಕೂಡೋದಲ್ಲ, ಗುಣಿಸುತ್ತೆ, ನಮ್ಮಲ್ಲಿ ಎಷ್ಟು ಜನ ಎರಡೂ ಒಟ್ಟಿಗೇ ಮಾಡ್ತಾರೆ ಅಂತ ಯಾವ್ದಾದ್ರೂ ಬಾರ್ ಮುಂದಿನ ಗೂಡಂಗಡಿ ಹತ್ರ ನಿಂತು ನೋಡಿ.

ಅದೇ ಗೂಡಂಗಡಿಲಿ ಸಿಗರೇಟ್ ಪ್ಯಾಕ್ ತಗೊಳಿ, 2016ರಿಂದ 85 ಪರ್ಸೆಂಟ್ ಜಾಗ ಎಚ್ಚರಿಕೆಗೇ, ಚಿತ್ರ ಸಮೇತ. ಎಣ್ಣೆಗೆ ಯಾಕಿಲ್ಲ?

ದುಡ್ಡು ಕಣ್ರೀ. 2025-26ರ ಬಜೆಟ್‌ನಲ್ಲಿ ನಮ್ಮ ರಾಜ್ಯ ಅಬಕಾರಿಗೆ ಇಟ್ಟ ಟಾರ್ಗೆಟ್ 40,000 ಕೋಟಿ. 2025ರ ಮಾರ್ಚ್‌ನಲ್ಲಿ ತುರುವೇಕೆರೆ ಶಾಸಕರು ವಿಧಾನಸಭೆಲಿ ಎದ್ದು ನಿಂತು ಗಂಡಸರಿಗೆ ವಾರಕ್ಕೆ ಎರಡು ಬಾಟ್ಲಿ ಫ್ರೀ ಕೊಡಿ ಅಂದ್ರು, ಸದನ ನಕ್ತು. ನಮ್ಮ ರಾಜಕೀಯದಲ್ಲಿ ಎಣ್ಣೆ ಅಂದ್ರೆ ಒಂದೋ ಜೋಕು, ಇಲ್ಲಾ ರೇಟ್ ಏರಿಕೆ ಗಲಾಟೆ, ಇಲ್ಲಾಂದ್ರೆ ಎಲೆಕ್ಷನ್ ಹಿಂದಿನ ರಾತ್ರಿ ಹಂಚೋ ಸಾಮಾನು.

ಮಜಾ ಏನಂದ್ರೆ ಈ ಲೇಬಲ್ ವಿಷ್ಯನ ಅಮೆರಿಕದಲ್ಲಿ ಜೋರಾಗಿ ಎತ್ತಿದ್ದು ನಮ್ಮ ಮಂಡ್ಯ ಜಿಲ್ಲೆ ಹಲ್ಲೆಗೆರೆ ಮೂಲದ ಡಾಕ್ಟರ್ ವಿವೇಕ್ ಮೂರ್ತಿ. ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ಮಾತಾಡೋ ಅಲ್ಲಿನ ಸರ್ಕಾರದ ಮುಖ್ಯ ಡಾಕ್ಟರ್, ಆಗಿದ್ದಾಗ 2025ರ ಜನವರಿಲಿ, ಬಾಟ್ಲಿ ಮೇಲೆ ಕ್ಯಾನ್ಸರ್ ಅಂತ ಬರೀರಿ, ಅಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಕ್ಯಾನ್ಸರ್ ಕೇಸು ಇದ್ರಿಂದ ಆಗ್ತಿದೆ ಅಂತ ಹೇಳಿದ್ರು. ಅವರು ಅಧಿಕಾರದಿಂದ ಹೋದ್ರು, ಲೇಬಲ್ ಇನ್ನೂ ಬಂದಿಲ್ಲ. ಐರ್ಲೆಂಡ್ 2023ರಲ್ಲಿ ಇಂಥದ್ದೇ ಲೇಬಲ್ ಕಾನೂನಿಗೆ ಸೈನ್ ಹಾಕಿ, 2026ಕ್ಕೆ ಅಂದು, ಆಮೇಲೆ ವ್ಯಾಪಾರದ ಚಿಂತೆ ಹಚ್ಕೊಂಡು 2028ಕ್ಕೆ ತಳ್ತು. ಎಲ್ಲಾ ಕಡೆ ಕಥೆ ಇಷ್ಟೇ. ಆದ್ರೂ ಅಲ್ಲಿ ಚರ್ಚೆ ಅಂತಾದ್ರೂ ಆಯ್ತು.

ಇಲ್ಲಿ ಲೇಬಲ್ ಕೇಂದ್ರದ್ದು, ಟ್ಯಾಕ್ಸ್ ರಾಜ್ಯದ್ದು, ಹಂಗಾಗಿ ಇಬ್ರೂ ಒಬ್ರ ಮೇಲೊಬ್ರು ಹಾಕಿ ಆರಾಮಾಗಿರ್ತಾರೆ. ವೋಟ್ ಕೇಳೋಕೆ ಬಂದಾಗ ಎಂಪಿಗೆ ಲೇಬಲ್ ಕೇಳಿ, ಕನ್ನಡದಲ್ಲಿ, ಮುಂದಿನ ಸೈಡಲ್ಲಿ, ಕ್ಯಾನ್ಸರ್ ಅನ್ನೋ ಪದ ಇರೋ ಹಂಗೆ. ಎಂಎಲ್‌ಎಗೆ ಆ 40,000 ಕೋಟಿಲಿ ತಾಲೂಕು ಆಸ್ಪತ್ರೆಲಿ ಬಾಯಿ ಕ್ಯಾನ್ಸರ್ ಚೆಕಪ್‌ಗೆ ಎಷ್ಟು ಕೊಟ್ರಿ ಅಂತ ಕೇಳಿ.

ಒಂದು ಸ್ಟಾರ್ ಯಾಕೆ ಕೊಟ್ಟೆ ಅಂದ್ರೆ, ಗಾಡಿ ಇರೋರಿಗಾದ್ರೂ ಆ ಸಾಲು ಅನ್ವಯಿಸುತ್ತೆ.