ಮಕ್ಕಳ ಮದುವೆಯ ಹಕ್ಕಿಗಾಗಿ ಮತ ಹಾಕುವ ತಂದೆತಾಯಿಗೆ ಚುನಾವಣಾ ಆಯೋಗದ ಆ್ಯಪ್‌ಗಳು ಎಷ್ಟು ನೆರವಾಗುತ್ತವೆ?

ಮಗ ಇನ್ನೊಬ್ಬ ಹುಡುಗನ ಜೊತೆ, ಇಲ್ಲವೇ ಮಗಳು ಇನ್ನೊಬ್ಬ ಹುಡುಗಿಯ ಜೊತೆ ಬಾಳು ಕಟ್ಟಿಕೊಂಡಿರುವ ಮನೆಗಳಲ್ಲಿ ಚುನಾವಣೆ ಬಂತೆಂದರೆ ತಂದೆತಾಯಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಇರುತ್ತದೆ. ರಸ್ತೆ, ನೀರು, ಬೆಲೆ ಏರಿಕೆಯ ಚಿಂತೆ ಎಲ್ಲರಿಗೂ ಇರುವುದೇ. ಅದರ ಜೊತೆಗೆ, ಈ ಮಕ್ಕಳ ಮದುವೆಗೆ ಕಾನೂನಿನ ಮಾನ್ಯತೆ ಕೊಡುವ ಮಸೂದೆ ಬಂದರೆ ಇವರಲ್ಲಿ ಯಾರು ಕೈ ಎತ್ತುತ್ತಾರೆ ಎಂಬುದೂ ಅವರಿಗೆ ತಿಳಿಯಬೇಕು. ಆ ಕಣ್ಣಿನಿಂದಲೇ ಇಲ್ಲಿ ಆಯೋಗದ ಸೇವೆಗಳನ್ನು ನೋಡಿದ್ದೇವೆ: ಮತದಾರರ ಪೋರ್ಟಲ್, ವೋಟರ್ ಹೆಲ್ಪ್‌ಲೈನ್, ನೋ ಯುವರ್ ಕ್ಯಾಂಡಿಡೇಟ್, ಅಫಿಡವಿಟ್ ಪೋರ್ಟಲ್, ಸಿ-ವಿಜಿಲ್ ಮತ್ತು 1950 ಸಹಾಯವಾಣಿ. ಹೀಗೆ ಚದುರಿದ್ದ ಸುಮಾರು 40 ಆ್ಯಪ್ ಹಾಗೂ ಜಾಲತಾಣಗಳನ್ನು ಇಸಿಐನೆಟ್ ಎಂಬ ಒಂದೇ ಸೂರಿನಡಿ ತರುವುದಾಗಿ ಆಯೋಗ 2025ರಲ್ಲಿ ಪ್ರಕಟಿಸಿತು. ಹೆಸರು ಬದಲಾದರೂ ಒಳಗಿನ ನಮೂನೆಗಳು ಹಳೆಯವೇ.

ಮತದಾರರ ಪಟ್ಟಿಯ ಕೆಲಸಕ್ಕೆ ಈ ಸೇವೆಗಳಿಗೆ 5ಕ್ಕೆ 4 ಅಂಕ ಧಾರಾಳವಾಗಿ ಕೊಡಬಹುದು. ಅಭ್ಯರ್ಥಿಯನ್ನು ಅರಿಯುವ ಕೆಲಸಕ್ಕೆ 2 ಕೊಟ್ಟರೆ ಹೆಚ್ಚು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾದ ಕಾರಣವನ್ನು ಮೊದಲು ಹೇಳಿಬಿಡಬೇಕು. 2023ರ ಅಕ್ಟೋಬರ್ 17ರಂದು, ಸಲಿಂಗ ವಿವಾಹಕ್ಕೆ ಮಾನ್ಯತೆ ಕೋರಿದ ಸುಪ್ರಿಯೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಎಂದು ಒಮ್ಮತದಿಂದ ಹೇಳಿತು. ಮದುವೆಯಲ್ಲದಿದ್ದರೂ ಸಿವಿಲ್ ಯೂನಿಯನ್ (ಮದುವೆಯೆಂಬ ಹೆಸರಿಲ್ಲದೆ ಕಾನೂನು ಮಾನ್ಯ ಮಾಡುವ ಜೊತೆಬಾಳ್ವೆ) ಆದರೂ ಇರಲಿ ಎಂಬ ವಾದವನ್ನು 3–2 ಬಹುಮತ ಒಪ್ಪಲಿಲ್ಲ. ಕಾನೂನು ಮಾಡುವುದು ಶಾಸಕಾಂಗದ ಕೆಲಸ ಎಂದಿತು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಅಂದರೆ ಸದ್ಯಕ್ಕೆ ಮತಪೆಟ್ಟಿಗೆಯ ದಾರಿಯೇ ದೊಡ್ಡ ದಾರಿ. ಅದೇ ತೀರ್ಪಿನಲ್ಲಿ ಒಂದು ಒಳ್ಳೆಯ ಮಾತೂ ಇದೆ, ಅದನ್ನು ಎಷ್ಟೋ ಜನ ಗಮನಿಸಿಲ್ಲ: ಟ್ರಾನ್ಸ್ ಮಹಿಳೆ ಪುರುಷನನ್ನು, ಟ್ರಾನ್ಸ್ ಪುರುಷ ಮಹಿಳೆಯನ್ನು ಮದುವೆಯಾಗಲು ಈಗಿರುವ ಕಾನೂನಿನಲ್ಲೇ ಅವಕಾಶವಿದೆ.

ಮೊದಲು ಪಟ್ಟಿ

ಕೈಯಲ್ಲಿ ವೋಟರ್ ಐಡಿ ಇದೆ ಎಂದರೆ ಪಟ್ಟಿಯಲ್ಲಿ ಹೆಸರಿದೆ ಎಂದಲ್ಲ. ಮತ ತಪ್ಪಿಹೋಗುವುದು ಹೆಚ್ಚಾಗಿ ಈ ನಂಬಿಕೆಯಿಂದಲೇ. ಪೋರ್ಟಲ್‌ನಲ್ಲಿ ಹುಡುಕಲು ಮೂರು ದಾರಿ ಇವೆ: ಎಪಿಕ್ ಸಂಖ್ಯೆ (ವೋಟರ್ ಐಡಿ ಕಾರ್ಡಿನ ಸಂಖ್ಯೆ), ಹೆಸರು ಮತ್ತಿತರ ವಿವರ, ಮೊಬೈಲ್ ಸಂಖ್ಯೆ. ಎಪಿಕ್ ಸಂಖ್ಯೆಯಿಂದ ಹುಡುಕುವುದೇ ಒಳ್ಳೆಯದು. ಹೆಸರಿನಿಂದ ಹೊರಟರೆ ಇನಿಶಿಯಲ್ ಹಿಂದೆ ಮುಂದೆ ಆಗಿದ್ದರೂ, ಕಾಗುಣಿತದಲ್ಲಿ ಒಂದಕ್ಷರ ಬೇರೆಯಿದ್ದರೂ ಇರುವ ಹೆಸರು ಸಿಗದೆ ಹೋಗುತ್ತದೆ. ಸಿಕ್ಕ ಮೇಲೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಿ.

ಹೊಸದಾಗಿ ಸೇರಲು ನಮೂನೆ 6. ವಿಳಾಸ ಬದಲಾವಣೆ, ತಿದ್ದುಪಡಿ, ಕಾರ್ಡ್ ಕಳೆದಿದ್ದರೆ ಬದಲಿ, ಇವೆಲ್ಲಕ್ಕೂ ನಮೂನೆ 8. ವಯಸ್ಸಿನ ಲೆಕ್ಕಕ್ಕೆ ಈಗ ವರ್ಷದಲ್ಲಿ ನಾಲ್ಕು ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ. ಬಂದ ಅರ್ಜಿಗೆ ಆಕ್ಷೇಪಣೆ ಸಲ್ಲಿಸಲು 7 ದಿನ ಬಿಡಬೇಕಾಗುತ್ತದೆ, ಆದ್ದರಿಂದ ಆ ದಿನಕ್ಕಿಂತ ಕನಿಷ್ಠ 10 ದಿನ ಮೊದಲೇ ಅರ್ಜಿ ಒಳಗೆ ಹೋಗಿರಬೇಕು.

ಊರು ಬಿಟ್ಟು ಬೇರೆ ನಗರದಲ್ಲಿ ಸಂಗಾತಿಯ ಜೊತೆ ನೆಲೆಸಿರುವ ಮಕ್ಕಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇದ್ದಲ್ಲಿಂದಲೇ ಊರಿನ ಕ್ಷೇತ್ರಕ್ಕೆ ಮತ ಹಾಕುವ ಸೌಲಭ್ಯ ಅವರಿಗಿಲ್ಲ; ಊರಿಗೆ ಬರಬೇಕು, ಇಲ್ಲವೇ ನಮೂನೆ 8ರಲ್ಲಿ ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ವರ್ಗಾಯಿಸಲು ವಿಳಾಸದ ದಾಖಲೆ ಬೇಕು. ಆ ದಾಖಲೆ ಅರ್ಜಿದಾರರ ಹೆಸರಿನಲ್ಲಿರಬೇಕು, ಇಲ್ಲವೇ ಅದೇ ವಿಳಾಸದಲ್ಲಿ ಆಗಲೇ ಮತದಾರರಾಗಿರುವ ತಂದೆತಾಯಿ, ಗಂಡ ಅಥವಾ ಹೆಂಡತಿ, ವಯಸ್ಕ ಮಕ್ಕಳ ಹೆಸರಿನಲ್ಲಿರಬೇಕು. ಕರೆಂಟ್ ಬಿಲ್ಲು, ಬಾಡಿಗೆ ಕರಾರು ಎರಡೂ ಸಂಗಾತಿಯ ಹೆಸರಿನಲ್ಲಿದ್ದರೆ ಮದುವೆಯಾದ ಗಂಡುಹೆಣ್ಣಿಗೆ ಅದು ನಡೆಯುತ್ತದೆ, ಈ ಮಕ್ಕಳಿಗೆ ನಡೆಯುವುದಿಲ್ಲ. ಮೊದಲು ಆಧಾರ್‌ನಲ್ಲೋ ಬ್ಯಾಂಕ್ ಪಾಸ್‌ಬುಕ್‌ನಲ್ಲೋ ಸ್ವಂತ ಹೆಸರಿನಲ್ಲಿ ಹೊಸ ವಿಳಾಸ ಮಾಡಿಸಿಕೊಂಡು ಆಮೇಲೆ ನಮೂನೆ 8 ಹಾಕಿದರೆ ಅರ್ಜಿ ಸಿಕ್ಕಿಕೊಳ್ಳುವುದಿಲ್ಲ. ಯಾವ ದಾಖಲೆಯೂ ಇಲ್ಲದಿದ್ದರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದು ಪರಿಶೀಲಿಸುವ ದಾರಿಯೂ ನಮೂನೆಯಲ್ಲೇ ಇದೆ. ಅದಕ್ಕೆ ಸಮಯ ಬೇಕು, ಕೊನೆಯ ವಾರಕ್ಕೆ ಇಟ್ಟುಕೊಳ್ಳಬಾರದು.

ನಮೂನೆ 6ರ ಸಂಬಂಧಿಕರ ಕಾಲಂ ನೋಡಿದರೆ ಮನಸ್ಸಿಗೆ ನಾಟುತ್ತದೆ. ತಂದೆ, ತಾಯಿ, ಗಂಡ, ಹೆಂಡತಿ, ಅನಾಥರಿಗೆ ಕಾನೂನುಬದ್ಧ ಪೋಷಕರು, ತೃತೀಯ ಲಿಂಗದವರಿಗೆ ಗುರು. ಹೆತ್ತವರು ಹೊರಹಾಕಿದ ಮಕ್ಕಳನ್ನು ಸಾಕಿದ ಗುರುವನ್ನು ಸರ್ಕಾರಿ ನಮೂನೆಯೊಂದು ಹೀಗೆ ಗುರುತಿಸಿದ್ದು ಸಣ್ಣ ವಿಷಯವಲ್ಲ. ಆದರೆ ಒಂದೇ ಸೂರಿನಡಿ ಹತ್ತು ವರ್ಷ ಬಾಳಿದ ಸಂಗಾತಿಯನ್ನು ಬರೆಯಲು ಅಲ್ಲಿ ಜಾಗವಿಲ್ಲ. ಇದಕ್ಕೆ ಆಯೋಗವನ್ನು ದೂರುವಂತಿಲ್ಲ, ಮದುವೆಯ ಕಾನೂನು ಬದಲಾಗದೆ ಈ ಕಾಲಂ ಬದಲಾಗದು. ಅಲ್ಲಿಯವರೆಗೆ ತಂದೆ ಅಥವಾ ತಾಯಿಯ ಹೆಸರನ್ನೇ ಬರೆಯಬೇಕು. ಮನೆಯಲ್ಲಿ ಮಾತು ನಿಂತಿದ್ದರೂ ನಿಮ್ಮ ಎಪಿಕ್ ಸಂಖ್ಯೆ ಮಗುವಿನ ಬಳಿ ಇರುವಂತೆ ನೋಡಿಕೊಳ್ಳಿ.

ಎಸ್‌ಐಆರ್ ಬಂದಾಗ ಇದು ಇನ್ನೂ ಮುಖ್ಯ. 2025ರ ನವೆಂಬರ್‌ನಲ್ಲಿ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಶುರುವಾದ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ, ಹಿಂದಿನ ಪರಿಷ್ಕರಣೆಯ ಪಟ್ಟಿಯಲ್ಲಿ ಸ್ವಂತ ಹೆಸರಿಲ್ಲದವರು ತಂದೆತಾಯಿಯಂಥ ಸಂಬಂಧಿಕರ ವಿವರ ತೋರಿಸಬೇಕಾಯಿತು. ಮನೆ ಬಿಟ್ಟು, ಹೆಸರು ಬದಲಿಸಿಕೊಂಡು ಬದುಕುತ್ತಿರುವ ಟ್ರಾನ್ಸ್ ಮಕ್ಕಳಿಗೆ ಆ ಕೊಂಡಿಯನ್ನು ಹೆತ್ತವರಷ್ಟು ಸುಲಭವಾಗಿ ಬೇರೆ ಯಾರೂ ಕೊಡಲಾರರು. ಹಳೆಯ ಪಟ್ಟಿಯಲ್ಲಿನ ನಿಮ್ಮ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಇರುವ ಪುಟದ ಒಂದು ಫೋಟೋ ಕಳಿಸಿಕೊಟ್ಟರೆ ಸಾಕು.

ಲಿಂಗದ ಕಾಲಂನಲ್ಲಿ ಪುರುಷ, ಮಹಿಳೆ, ತೃತೀಯ ಲಿಂಗ ಎಂಬ ಮೂರು ಆಯ್ಕೆಗಳಿವೆ. ಪುರುಷ–ಮಹಿಳೆ ಎರಡಕ್ಕೂ ಸೇರದೆ ಬೇರೆಯಾಗಿ ದಾಖಲಾಗುವ ಅವಕಾಶವನ್ನು ಆಯೋಗ 2009ರಲ್ಲೇ ಕೊಟ್ಟಿತ್ತು, ತೃತೀಯ ಲಿಂಗವನ್ನು ಮಾನ್ಯ ಮಾಡಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪಿಗಿಂತ ಮೊದಲೇ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಹಾಗೆ ದಾಖಲಾದವರು ಸುಮಾರು 48 ಸಾವಿರ. ಹೆಸರು, ಲಿಂಗ, ಫೋಟೋ ಮೂರನ್ನೂ ಬದಲಿಸುವುದಿದ್ದರೆ ಒಂದೇ ನಮೂನೆ 8ರಲ್ಲಿ ಒಟ್ಟಿಗೆ ಕೇಳಿ, ಪ್ರತಿಯೊಂದಕ್ಕೂ ದಾಖಲೆ ಲಗತ್ತಿಸಿ. ಬಿಡಿಬಿಡಿಯಾಗಿ ಹಾಕಿದರೆ ಒಂದು ಆಗಿ ಇನ್ನೊಂದು ಬಾಕಿ ಉಳಿದು, ಕಾರ್ಡಿನಲ್ಲಿ ಹೊಸ ಹೆಸರು ಹಳೆಯ ಮುಖ ಬರುತ್ತದೆ.

ಹಾಗೇನಾದರೂ ಆದರೂ ಮತದಾನದ ದಿನ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಕಾರ್ಡಿನಲ್ಲಿನ ಸಣ್ಣಪುಟ್ಟ ತಪ್ಪುಗಳನ್ನು, ವ್ಯಕ್ತಿಯ ಗುರುತು ಸಿಗುವುದಾದರೆ, ಮತಗಟ್ಟೆ ಅಧಿಕಾರಿಗಳು ಬದಿಗಿಡಬೇಕೆಂದು ಆಯೋಗದ ಸೂಚನೆಯೇ ಇದೆ. ಫೋಟೋ ಹೊಂದದಿದ್ದರೆ ಪರ್ಯಾಯ ಗುರುತಿನ ದಾಖಲೆಗಳಲ್ಲಿ ಒಂದನ್ನು ತೋರಿಸಬೇಕು: ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಉದ್ಯೋಗ ಖಾತರಿ ಕಾರ್ಡ್ ಮುಂತಾದವು. ಈಗಿನ ಮುಖ ಇರುವ ದಾಖಲೆ ಯಾವುದೋ ಅದನ್ನೇ ಒಯ್ಯಲಿ. ಮನೆಗೆ ಬರುವ ಮತದಾರರ ಮಾಹಿತಿ ಚೀಟಿ 2019ರಿಂದ ಗುರುತಿನ ದಾಖಲೆ ಅಲ್ಲ. ಯಾರಾದರೂ ಏಜೆಂಟರು ಗುರುತನ್ನೇ ಪ್ರಶ್ನಿಸಿದರೆ ಅವರು 2 ರೂಪಾಯಿ ಠೇವಣಿ ಇಟ್ಟು ವಿಧಿವತ್ತಾಗಿ ಆಕ್ಷೇಪಿಸಬೇಕು, ಅಧಿಕಾರಿ ಅಲ್ಲೇ ವಿಚಾರಿಸಿ ತೀರ್ಮಾನಿಸಬೇಕು. ಬರಿಯ ಬಾಯಿಮಾತಿಗೆ ಸಾಲು ಬಿಟ್ಟು ಬರಬೇಕಾಗಿಲ್ಲ.

ಅಭ್ಯರ್ಥಿಯ ಬಗ್ಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಅಫಿಡವಿಟ್ ಪೋರ್ಟಲ್‌ನಲ್ಲಿ ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಪ್ರತಿ ಅಭ್ಯರ್ಥಿಯ ನಮೂನೆ 26 ಸಿಗುತ್ತದೆ. ಬಾಕಿ ಇರುವ ಕ್ರಿಮಿನಲ್ ಪ್ರಕರಣ, ಹಿಂದಿನ ಶಿಕ್ಷೆ, ಐದು ವರ್ಷದ ಆದಾಯ ತೆರಿಗೆ ವಿವರ, ಚರಾಸ್ತಿ, ಸ್ಥಿರಾಸ್ತಿ, ಸಾಲ, ವಿದ್ಯಾರ್ಹತೆ ಎಲ್ಲವೂ ಅದರಲ್ಲಿವೆ. ಬಹುಪಾಲು ಸ್ಕ್ಯಾನ್ ಮಾಡಿದ ಪುಟಗಳಾದ್ದರಿಂದ ಪದ ಹಾಕಿ ಹುಡುಕಲಾಗದು, ಕೂತು ಓದಬೇಕು. ಕ್ರಿಮಿನಲ್ ಹಿನ್ನೆಲೆಯನ್ನಷ್ಟೇ ತಿಳಿಯಬೇಕಾದರೆ ನೋ ಯುವರ್ ಕ್ಯಾಂಡಿಡೇಟ್ ಬೇಗ ತೋರಿಸುತ್ತದೆ. ನಮ್ಮ ಪ್ರಶ್ನೆಗೆ ಮಾತ್ರ ಎರಡರಲ್ಲೂ ಉತ್ತರವಿಲ್ಲ. ಅಭ್ಯರ್ಥಿಯ ಬಳಿ ಎಷ್ಟು ಚಿನ್ನವಿದೆ ಎಂದು ಗ್ರಾಂ ಲೆಕ್ಕದಲ್ಲಿ ತಿಳಿಯುತ್ತದೆ, ಯಾವ ಕಾನೂನಿನ ಪರ ನಿಲ್ಲುತ್ತಾರೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ಎರಡು ಅಂಕ ಕೊಟ್ಟದ್ದು ಇದಕ್ಕೇ.

ಉಳಿದದ್ದು ನೀವೇ ಮಾಡಿಕೊಳ್ಳಬೇಕಾದ ಕೆಲಸ. ಶುರುಮಾಡಬೇಕಾದ್ದು ಪಕ್ಷದ ಪ್ರಣಾಳಿಕೆಯಿಂದ, ಅಭ್ಯರ್ಥಿಯಿಂದಲ್ಲ. ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಹೊರಟ ಮೇಲೆ ಸಂಸದರು ಪಕ್ಷದ ವಿರುದ್ಧ ಮತ ಹಾಕಿದರೆ ಪಕ್ಷಾಂತರ ನಿಷೇಧ ಕಾನೂನಿನಡಿ ಸ್ಥಾನವೇ ಹೋಗಬಹುದು. ಆದ್ದರಿಂದ ಅಭ್ಯರ್ಥಿ ಎಷ್ಟೇ ಒಳ್ಳೆಯ ಮಾತಾಡಿದರೂ ಪಕ್ಷದ ನಿಲುವಿಗೇ ತೂಕ ಹೆಚ್ಚು.

ಪ್ರಣಾಳಿಕೆ ಓದುವಾಗ ಆಗುವ ತಪ್ಪೊಂದಿದೆ: ಲಿಂಗತ್ವ ಅಲ್ಪಸಂಖ್ಯಾತರ ಕಲ್ಯಾಣದ ಮಾತನ್ನು ಮದುವೆಯ ಹಕ್ಕಿನ ಮಾತು ಎಂದುಕೊಳ್ಳುವುದು. 2024ರದ್ದನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಕಾಂಗ್ರೆಸ್ ವ್ಯಾಪಕ ಸಮಾಲೋಚನೆಯ ನಂತರ ಸಿವಿಲ್ ಯೂನಿಯನ್ ಮಾನ್ಯ ಮಾಡುವ ಕಾನೂನು ತರುವುದಾಗಿ ಹೇಳಿತ್ತು. ಸಿಪಿಎಂ ವಿಶೇಷ ವಿವಾಹ ಕಾಯ್ದೆಯ ಮಾದರಿಯಲ್ಲಿ ಸಲಿಂಗ ಜೋಡಿಗಳಿಗೆ ಮಾನ್ಯತೆ, ಉತ್ತರಾಧಿಕಾರ, ಜೀವನಾಂಶದವರೆಗೆ ಬರೆದಿತ್ತು. ಬಿಜೆಪಿಯದರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಗರಿಮಾ ಗೃಹ ಎಂಬ ಆಶ್ರಯ ತಾಣಗಳು, ಗುರುತಿನ ಚೀಟಿ, ಆಯುಷ್ಮಾನ್ ಭಾರತ್ ಇದ್ದವು, ಸಲಿಂಗ ವಿವಾಹ ಇರಲಿಲ್ಲ. ಆ ಪಕ್ಷದ ನೇತೃತ್ವದ ಕೇಂದ್ರ ಸರ್ಕಾರ ಕೋರ್ಟಿನಲ್ಲಿ ಅರ್ಜಿಗಳನ್ನು ವಿರೋಧಿಸಿತ್ತು. ಕಾಂಗ್ರೆಸ್‌ನದು ಸಿವಿಲ್ ಯೂನಿಯನ್, ಮದುವೆಯಲ್ಲ ಎಂಬುದನ್ನೂ ಅಷ್ಟೇ ಎಚ್ಚರದಿಂದ ಓದಬೇಕು. 'ಸಮಾನತೆ', 'ಘನತೆ' ಎಂಬ ಪದಗಳಿಗೆ ಅಂಕ ಕೊಡಬೇಡಿ. ಯಾವ ಕಾಯ್ದೆ, ಯಾವ ಹಕ್ಕು ಎಂದು ಬರೆದಿದ್ದರೆ ಮಾತ್ರ ಕೊಡಿ.

ಈಗಾಗಲೇ ಸಂಸದರಾಗಿದ್ದವರಾದರೆ ಸಂಸತ್ತಿನ ಜಾಲತಾಣದಲ್ಲಿ ಅವರು ಕೇಳಿದ ಪ್ರಶ್ನೆಗಳು, ಮಂಡಿಸಿದ ಖಾಸಗಿ ಮಸೂದೆಗಳು (ಸಚಿವರಲ್ಲದ ಸಂಸದರು ಸ್ವಂತವಾಗಿ ತರುವವು) ಸಿಗುತ್ತವೆ. ವಿಶೇಷ ವಿವಾಹ ಕಾಯ್ದೆಯನ್ನು ಸಲಿಂಗ ಜೋಡಿಗಳಿಗೂ ತೆರೆಯುವ ಖಾಸಗಿ ಮಸೂದೆಯನ್ನು ಸುಪ್ರಿಯಾ ಸುಳೆ 2022ರಲ್ಲಿ ಮಂಡಿಸಿದ್ದರು. 1970ರಿಂದ ಈಚೆಗೆ ಯಾವ ಖಾಸಗಿ ಮಸೂದೆಯೂ ಕಾನೂನಾಗಿಲ್ಲ, ನಿಜ. ಆದರೂ ಸಂಸದರ ಮನಸ್ಸು ಎಲ್ಲಿದೆ ಎಂದು ತಿಳಿಯಲು ಭಾಷಣಕ್ಕಿಂತ ಅದು ಒಳ್ಳೆಯ ಗುರುತು.

ವಿಧಾನಸಭೆ ಚುನಾವಣೆಗೂ ಇದಕ್ಕೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಹಾಗಲ್ಲ. ಮದುವೆ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದು, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ. ತಮಿಳುನಾಡು 1967ರಲ್ಲೇ ಹಿಂದೂ ವಿವಾಹ ಕಾಯ್ದೆಗೆ 7ಎ ಸೆಕ್ಷನ್ ಸೇರಿಸಿ ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳನ್ನು ಮಾನ್ಯ ಮಾಡಿತು. 2025ರ ಜನವರಿಯಲ್ಲಿ ಜಾರಿಗೆ ಬಂದ ಉತ್ತರಾಖಂಡದ ಏಕರೂಪ ನಾಗರಿಕ ಸಂಹಿತೆ ಮದುವೆಯಷ್ಟೇ ಅಲ್ಲ, ಲಿವ್-ಇನ್ ಸಂಬಂಧವನ್ನೂ ಗಂಡು ಹೆಣ್ಣಿನ ನಡುವಿನದು ಎಂದೇ ಬರೆದಿದೆ. ರಾಜ್ಯದ ಶಾಸನಸಭೆ ಬಾಗಿಲು ತೆರೆಯಲೂಬಹುದು, ಮುಚ್ಚಲೂಬಹುದು.

ಸಿ-ವಿಜಿಲ್ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಸ್ಥಳದಲ್ಲೇ ತೆಗೆದ ಫೋಟೋ ಅಥವಾ 2 ನಿಮಿಷದ ವಿಡಿಯೋ ಕಳಿಸಿದರೆ 100 ನಿಮಿಷದೊಳಗೆ ಕ್ರಮ ಎಂಬುದು ಅದರ ವ್ಯವಸ್ಥೆ. ಹಣ, ಹೆಂಡ ಹಂಚುವುದಕ್ಕೆ ಒಳ್ಳೆಯದು. ವೇದಿಕೆಯಲ್ಲಿ ಯಾರಾದರೂ ನಿಮ್ಮ ಮಕ್ಕಳಂಥವರನ್ನು ಹೀಯಾಳಿಸಿದರೆ ತೊಡಕು ಬೇರೆಯೇ: ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ದ್ವೇಷ ಹರಡುವುದನ್ನು ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಯ ಆಧಾರದಲ್ಲಿ ಹೇಳುತ್ತದೆ, ಲೈಂಗಿಕತೆಯ ಹೆಸರೆತ್ತುವುದಿಲ್ಲ. ಎದುರಾಳಿಯ ಖಾಸಗಿ ಬದುಕನ್ನು ಎಳೆದು ತಂದರೆ ಮಾತ್ರ ನೀತಿ ಸಂಹಿತೆಯಲ್ಲಿ ನೇರವಾದ ನಿಷೇಧವಿದೆ, ಅದನ್ನೇ ಉಲ್ಲೇಖಿಸಿ ದೂರು ಕೊಡಿ.

ನೋಟಾ ಒತ್ತುವ ಯೋಚನೆಯಿದ್ದರೆ ಒಂದು ಮಾತು: ನೋಟಾಗೆ ಎಷ್ಟೇ ಮತ ಬಂದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ.

ಕೊನೆಗೆ ಪ್ರಶ್ನೆ ಕೇಳುವ ಬಗೆ. ನಾಮಪತ್ರ ಹಿಂಪಡೆಯುವ ದಿನ ಕಳೆದ ಮೇಲೆ ಮತದಾನಕ್ಕೆ ಕನಿಷ್ಠ ಎರಡು ವಾರ ಇರುತ್ತದೆ. ಪತ್ರ ಬರೆಯಬೇಕಾದ್ದು ಅದರ ಮೊದಲ ವಾರದಲ್ಲಿ. 'ಸಲಿಂಗ ವಿವಾಹದ ಪರವೋ ವಿರೋಧವೋ' ಎಂದು ಕೇಳಿದರೆ 'ಎಲ್ಲರನ್ನೂ ಗೌರವಿಸುತ್ತೇವೆ' ಎಂಬ ಉತ್ತರ ಬರುತ್ತದೆ. ಬದಲಿಗೆ ಹೀಗೆ ಕೇಳಿ: ವಿಶೇಷ ವಿವಾಹ ಕಾಯ್ದೆ, 1954ರ 4ನೇ ಸೆಕ್ಷನ್ 'ಯಾವುದೇ ಇಬ್ಬರು ವ್ಯಕ್ತಿಗಳು' ಎಂದೇ ಶುರುವಾಗುತ್ತದೆ. ಅದರ (ಸಿ) ಉಪವಿಧಿ ಗಂಡಿಗೆ 21, ಹೆಣ್ಣಿಗೆ 18 ಎನ್ನುವಲ್ಲಿ ನಮ್ಮ ಮಕ್ಕಳು ಹೊರಗುಳಿಯುತ್ತಾರೆ. ಆ ಉಪವಿಧಿಯನ್ನು ತಿದ್ದುವ ಮಸೂದೆ ಬಂದರೆ ಬೆಂಬಲಿಸುತ್ತೀರಾ? ನಿಮ್ಮ ಪಕ್ಷದ ಸಭೆಯಲ್ಲಿ ಅದನ್ನು ಎತ್ತುತ್ತೀರಾ? ಸಲಿಂಗ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಪಡಿತರ ಚೀಟಿಯಲ್ಲಿ ಒಂದೇ ಮನೆಯವರಾಗಿ ಸೇರಬಹುದು ಎಂದು 2024ರಲ್ಲಿ ಕೇಂದ್ರ ಹೊರಡಿಸಿದ ಸೂಚನೆಗಳು ನಮ್ಮ ಕ್ಷೇತ್ರದ ಕಚೇರಿಗಳಲ್ಲಿ ಪಾಲನೆಯಾಗುವಂತೆ ನೋಡಿಕೊಳ್ಳುತ್ತೀರಾ? ಮೂರಕ್ಕೂ ಹೌದು, ಇಲ್ಲ ಎಂಬ ಉತ್ತರ ಸಾಕು ಎಂದು ಬರೆದು, ಎಲ್ಲ ಅಭ್ಯರ್ಥಿಗಳಿಗೂ ಒಂದೇ ಒಕ್ಕಣೆಯಲ್ಲಿ ಕಳಿಸಿ. ಪತ್ರದಲ್ಲಿ ಮಗುವಿನ ಹೆಸರು, ವಿಳಾಸ ಹಾಕಬೇಡಿ. ಕೇಳುತ್ತಿರುವವರು ಮತದಾರರು ನೀವು, ಅಷ್ಟು ಸಾಕು. ಫಲಿತಾಂಶ ಬಂದ ಮೇಲೆ ಗೆದ್ದವರಿಗೆ ಅದೇ ಪತ್ರವನ್ನು, ಚುನಾವಣೆಗೆ ಮೊದಲು ಅವರು ಕೊಟ್ಟ ಉತ್ತರದ ಪ್ರತಿಯ ಜೊತೆ, ಇನ್ನೊಮ್ಮೆ ಕಳಿಸಿ.