ರಾತ್ರಿ ಊಟಕ್ಕೆ ವಾಫಲ್, ಪ್ಯಾನ್‌ಕೇಕ್, ಆಮ್ಲೆಟ್: ಯಾವತ್ತು ಯಾವುದು?

ಬೆಳಗಿನ ತಿಂಡಿಯನ್ನೇ ರಾತ್ರಿ ತಿನ್ನೋದಾದರೆ ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಮೊದಲು ಹೊಟ್ಟೆ ಎಷ್ಟು ಹೊತ್ತು ತಡೆಯುತ್ತದೆ ಅಂತ ನೋಡಿ. ಎರಡು ಮೊಟ್ಟೆಯ ಆಮ್ಲೆಟ್‌ನಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇರುತ್ತದೆ. ಮೈದಾದ ವಾಫಲ್, ಪ್ಯಾನ್‌ಕೇಕ್ ಮೇಲೆ ಬರೀ ಸಿರಪ್ ಸುರಿದುಕೊಂಡರೆ ಮಲಗೋ ಹೊತ್ತಿಗೆ ಮತ್ತೆ ಹಸಿವು. ಪಕ್ಕದಲ್ಲೊಂದು ಮೊಟ್ಟೆಯೋ ಚೀಸೋ ಇದ್ದರೆ ಸರಿಹೋಗುತ್ತದೆ.

ದಣಿದು ಬಂದ ದಿನ ಆಮ್ಲೆಟ್ಟೇ ಸುಲಭ, ಐದು ನಿಮಿಷ ಸಾಕು. ಆದರೆ ನಾಲ್ಕು ಜನಕ್ಕೆ ಒಂದೊಂದೇ ಮಾಡುತ್ತಾ ನಿಂತರೆ, ಮಾಡುವವರ ಊಟ ಎಲ್ಲರಿಗಿಂತ ಕೊನೆಗೆ. ದೊಡ್ಡ ತವಾ ಇದ್ದರೆ ಪ್ಯಾನ್‌ಕೇಕ್ ಒಟ್ಟಿಗೆ ಮೂರು ನಾಲ್ಕು ಹಾಕಬಹುದು. ವಾಫಲ್‌ಗೆ ಬೇರೆ ಮೆಷಿನ್ನೇ ಬೇಕು. ಅದರ ಗುಳಿಗಳಲ್ಲಿ ಅಂಟಿದ ಹಿಟ್ಟನ್ನು ಕೆರೆದು ಒರೆಸೋದು ಇದೆಯಲ್ಲ, ರಾತ್ರಿ ಹೊತ್ತಲ್ಲಿ ಮಹಾ ಬೇಜಾರು.

ಹಾಗಂತ ವಾಫಲ್ ಬಿಡಬೇಡಿ. ರಜೆಯ ದಿನ ಜಾಸ್ತಿ ಮಾಡಿ ಫ್ರೀಜರ್‌ನಲ್ಲಿಡಿ. ಬೇಕಾದ ರಾತ್ರಿ ಟೋಸ್ಟರ್‌ಗೆ ಹಾಕಿದರೆ ಮತ್ತೆ ಗರಿಗರಿ. ಬಿಸಿ ಇದ್ದಾಗ ಒಂದರ ಮೇಲೊಂದು ಪೇರಿಸಿದರೆ ಹಬೆಗೆ ಮೆತ್ತಗಾಗುತ್ತವೆ, ತಂತಿ ಜಾಲರಿ ಮೇಲೆ ಬಿಡಿಬಿಡಿಯಾಗಿ ಆರಲಿ. ಪ್ಯಾನ್‌ಕೇಕ್ ಕೂಡ ಫ್ರೀಜರ್‌ನಲ್ಲಿ ಉಳಿಯುತ್ತದೆ, ಮೆತ್ತಗಿದ್ದರೇ ಇಷ್ಟ ಅನ್ನುವವರಿಗೆ ಅದೇ ಸರಿ. ಆಮ್ಲೆಟ್ ಮಾತ್ರ ಆಗಿಂದಾಗಲೇ ತಿನ್ನಬೇಕು; ಒಬ್ಬರೇ ಇರುವ ರಾತ್ರಿಗೆ ನನ್ನ ಆಯ್ಕೆ ಅದೇ.