ಷಾಂಪೇನ್ ಕೌಂಟ್‌ಗಳ ವಂಶವೃಕ್ಷ: ಧಾರವಾಡದ ಒಂದು ಮುದ್ರಣಾಲಯದ ಕೆಲಸ

ಇತಿಹಾಸದ ತರಗತಿಗೆಂದು ಫ್ರಾನ್ಸಿನ ಷಾಂಪೇನ್ ಸೀಮೆಯನ್ನು ಆಳುತ್ತಿದ್ದ ಕೌಂಟ್‌ಗಳ ವಂಶವೃಕ್ಷವನ್ನು ಗೋಡೆಗೆ ತೂಗುಹಾಕುವ ಅಳತೆಯಲ್ಲಿ ಮುದ್ರಿಸಿಕೊಡಲು ಧಾರವಾಡದ ಒಂದು ಮುದ್ರಣಾಲಯಕ್ಕೆ ಕೊಟ್ಟಿದ್ದೆ. ಮೊದಲ ಕರಡಚ್ಚಿನಲ್ಲಿ ನಾಲ್ಕನೆಯ ಥಿಬೋ ಎರಡನೆಯ ಹೆನ್ರಿಯ ಮಗನೆಂಬಂತೆ ಗೆರೆ ಎಳೆಯಲಾಗಿತ್ತು.

ಇದನ್ನು ಸಣ್ಣ ತಪ್ಪೆಂದು ಬಿಡಲಾಗದು, ಏಕೆಂದರೆ ಆ ಮನೆತನದ ವ್ಯಾಜ್ಯವೆಲ್ಲ ಆ ಒಂದು ಗೆರೆಯಲ್ಲಿಯೇ ಇದೆ. ಜೆರುಸಲೇಮಿನ ರಾಣಿ ಇಸಾಬೆಲ್ಲಳನ್ನು ಮದುವೆಯಾಗಿದ್ದ ಹೆನ್ರಿ 1197ರಲ್ಲಿ ಅಕ್ಕಾ ಪಟ್ಟಣದಲ್ಲಿ ಕಿಟಕಿಯಿಂದ ಬಿದ್ದು ತೀರಿಕೊಂಡಾಗ, ಅವನ ಹೆಣ್ಣುಮಕ್ಕಳಾದ ಅಲಿಸ್ ಮತ್ತು ಫಿಲಿಪ್ಪಾ ಇರುವಾಗಲೇ ಅವನ ತಮ್ಮನಾದ ಮೂರನೆಯ ಥಿಬೋ ಕೌಂಟ್ ಆದನು. ಅವನೂ 1201ರ ಮೇ ತಿಂಗಳಲ್ಲಿ ತೀರಿಕೊಂಡನು. ತುಂಬು ಗರ್ಭಿಣಿಯಾಗಿದ್ದ ಪತ್ನಿ, ನವಾರದ ಬ್ಲಾಂಷ್, ಕೆಲವೇ ದಿನಗಳಲ್ಲಿ ಗಂಡುಮಗುವನ್ನು, ಅಂದರೆ ನಾಲ್ಕನೆಯ ಥಿಬೋನನ್ನು, ಹೆತ್ತು, ಆ ಮಗನ ಪರವಾಗಿ 1222ರವರೆಗೆ ಆಳಿದಳು. ಫಿಲಿಪ್ಪಾಳ ಗಂಡ ಎರಾರ್ ಯುದ್ಧ ಹೂಡಿ ಸೋತನು. ಅಲಿಸ್‌ಳ ಹಕ್ಕನ್ನು ಬಿಡಿಸಿಕೊಳ್ಳಲು ಮಾತ್ರ 1234ರಲ್ಲಿ 40,000 ಲೀವ್ರ್ (ಆಗಿನ ಫ್ರೆಂಚ್ ಹಣ) ಕೊಡಬೇಕಾಯಿತು, ಅದಕ್ಕಾಗಿ ಬ್ಲಾ, ಷಾರ್ತ್ರ್ ಮುಂತಾದ ಸೀಮೆಗಳ ಮೇಲಿನ ಅಧಿಕಾರವನ್ನು ನಾಲ್ಕನೆಯ ಥಿಬೋ ಫ್ರಾನ್ಸಿನ ರಾಜನಿಗೆ ಮಾರಿದನು. 1824ರ ಕಿತ್ತೂರಿನ ದತ್ತಕದ ಪ್ರಕರಣವನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇಂಥ ವ್ಯಾಜ್ಯದ ತೀವ್ರತೆಯನ್ನು ಬಿಡಿಸಿ ಹೇಳಬೇಕಿಲ್ಲ.

ಮುದ್ರಣಾಲಯದಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದ ಹುಡುಗಿ ಇಷ್ಟನ್ನೂ ತಾಳ್ಮೆಯಿಂದ ಕೇಳಿ, "ಹಂಗಾದ್ರ ಹೆಣ್ಣುಮಕ್ಕಳ ಗೆರಿ ಕೆಂಪು ಮಾಡೋಣ್ರಿ ಸರ್, ಜಗಳ ಎಲ್ಲಿಂದ ಬಂತು ಅಂತ ಕಾಣ್ತದ" ಎಂದಳು. ಆ ಸಲಹೆಯೇ ಪಟದ ಜೀವವಾಗಿದೆ. ಒತ್ತಕ್ಷರಗಳು ಎಲ್ಲಿಯೂ ಒಡೆದಿಲ್ಲ, ಕೊನೆಯ ಬೆಂಚಿನಿಂದಲೂ ಹೆಸರುಗಳನ್ನು ಓದಬಹುದು. ಕಾಗದ ಇನ್ನಷ್ಟು ದಪ್ಪವಿರಬೇಕಿತ್ತು. ಸುರುಳಿ ಬಿಚ್ಚಿದಾಗ ಅಂಚುಗಳು ಮಡಚಿಕೊಳ್ಳುತ್ತವೆ.